ಹಳ್ಳದ ನೀರಿಗೂ ಒಂದು ಲೆಕ್ಕದ ಪುಸ್ತಕ

"ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?" ಎಂಬ ಗಾದೆ ನಿಮಗೆಲ್ಲ ಗೊತ್ತು. ನಾನೂ ಹಾಗೆ ಇಪ್ಪತ್ತೈದು ವರ್ಷಗಳ ಹಿಂದೆ ಹಾಗಲವಾಡಿ ಸೀಮೆಗೆ ಸೊಸೆಯಾಗಿ ಬಂದವಳು. ಬಂದ ಮೂರನೆಯ ದಿನವೇ ನಮ್ಮತ್ತೆಯವರು ಬಟ್ಟೆಯ ಗಂಟು ಕೈಗೆ ಕೊಟ್ಟು, "ಹಳ್ಳದ ತಾವ ಹೋಗಿ ಬಾರವ್ವ, ಊರ ಹೆಂಗಸರ ಪರಿಚಯವೂ ಆಯ್ತದೆ" ಎಂದು ಕಳಿಸಿದರು. ಹೌದು, ಆ ಊರಿನಲ್ಲಿ ನನಗೆ ಗೆಳತಿಯರು ಸಿಕ್ಕಿದ್ದು ಹಳ್ಳದ ಕಲ್ಲಿನ ಮೇಲೆಯೇ. ಮಳೆಗಾಲದಲ್ಲಿ ಹರಿಯುವ, ಬೇಸಿಗೆಯಲ್ಲಿ ಅಲ್ಲಲ್ಲಿ ಮಡುಗಟ್ಟಿ ನಿಲ್ಲುವ ಸಣ್ಣ ಹಳ್ಳ ಅದು. ಬಟ್ಟೆ ಒಗೆಯುವುದು, ದನಕರುಗಳಿಗೆ ನೀರು ಕುಡಿಸುವುದು, ಗೌರಿ ಹಬ್ಬಕ್ಕೆ ಗಂಗೆ ಪೂಜೆ, ಎಲ್ಲವೂ ಅಲ್ಲೇ.

ಈಗ ಮನೆ ಮನೆಗೂ ನಲ್ಲಿ ಬಂದಿದೆ. ಹಳ್ಳಕ್ಕೆ ಹೋಗುವ ಹೆಂಗಸರು ಕಡಿಮೆ. ಆದ್ದರಿಂದಲೇ ಇರಬೇಕು, ಹಳ್ಳ ಕೆಟ್ಟದ್ದು ನಮಗೆ ತಡವಾಗಿ ಗೊತ್ತಾಯಿತು. ಕೆಲವು ವರ್ಷಗಳ ಹಿಂದೆ, ಯುಗಾದಿ ಆಸುಪಾಸಿನಲ್ಲಿ, ಸಂಜೆಯ ಹೊತ್ತು ಹುಳಿ ಹುಳಿಯಾದ ಒಂದು ವಾಸನೆ ಬರತೊಡಗಿತು. ಮೊದಲು ಯಾರದೋ ಮನೆಯ ಕಲಗಚ್ಚು ಎಂದುಕೊಂಡೆವು. ಆಮೇಲೆ ಒಂದು ದಿನ ನಮ್ಮ ಎಮ್ಮೆ ಮಡುವಿನ ತನಕ ಹೋಗಿ, ಮೂಸಿ ನೋಡಿ, ನೀರು ಕುಡಿಯದೆ ಹಿಂದಿರುಗಿತು. ಹೋಗಿ ನೋಡಿದರೆ ನೀರು ಬೂದು ಬಣ್ಣ, ಮೇಲೆ ಎಣ್ಣೆಯ ಕೆನೆ, ದಡದಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಹಳ್ಳದ ಮೇಲ್ಗಡೆ ತೆಂಗಿನಕಾಯಿ ತುರಿದು, ಒಣಗಿಸಿ, ಪುಡಿ ಮಾಡಿ ಬಿಸ್ಕತ್ತು, ಮಿಠಾಯಿ ಮಾಡುವವರಿಗೆ ಕಳಿಸುವ ಒಂದು ಕಾರ್ಖಾನೆ ಇದೆ. ದಿನಕ್ಕೆ ಸಾವಿರಾರು ಕಾಯಿ ಒಡೆಯುತ್ತಾರೆ. ಅಷ್ಟು ಕಾಯಿಯ ನೀರು, ತೊಳೆದ ನೀರು, ಎಲ್ಲವೂ ಒಂದು ಮೋರಿಯಲ್ಲಿ ನೇರ ಹಳ್ಳಕ್ಕೆ! ಆ ಊರಿನ ಹೆಸರನ್ನಾಗಲೀ ಸಾವ್ಕಾರರ ಹೆಸರನ್ನಾಗಲೀ ನಾನಿಲ್ಲಿ ಬರೆಯುವುದಿಲ್ಲ. ಹೆಸರು ಹಾಕಿ ಮಾನ ಕಳೆಯುವುದು ನನ್ನ ಉದ್ದೇಶವಲ್ಲ.

ಕಾಯಿನೀರು ವಿಷವೇ?

"ಕಾಯಿನೀರು ತಾನೆ, ವಿಷವೇನಲ್ಲವಲ್ಲ" ಎಂದು ನೀವು ಕೇಳಬಹುದು. ಸಾವ್ಕಾರರೂ ಇದೇ ಮಾತು ಹೇಳಿದರು. ಅಡಿಗೆ ಮನೆಯ ಅನುಭವದಿಂದಲೇ ಇದಕ್ಕೆ ಉತ್ತರ ಹೇಳುತ್ತೇನೆ. ಬೆಳಿಗ್ಗೆ ಒಡೆದ ಕಾಯಿಯ ನೀರನ್ನು ಲೋಟದಲ್ಲಿ ಮುಚ್ಚಿಟ್ಟು ಮಾರನೆಯ ದಿನ ನೋಡಿ. ನೊರೆ ಬಂದು ಹುಳಿಯಾಗಿರುತ್ತದೆ. ಅದರಲ್ಲಿರುವ ಸಕ್ಕರೆಯನ್ನು ಕಣ್ಣಿಗೆ ಕಾಣದ ಜೀವಿಗಳು ತಿಂದು ಹುಳಿ ಮಾಡುತ್ತವೆ. ಹಳ್ಳದಲ್ಲಿಯೂ ಇದೇ ನಡೆಯುತ್ತದೆ. ಆದರೆ ಆ ಜೀವಿಗಳು ತಿನ್ನುವಾಗ ನೀರಿನೊಳಗಿರುವ ಆಮ್ಲಜನಕವನ್ನೂ ಬಳಸಿಕೊಳ್ಳುತ್ತವೆ. ಮೀನಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ. ಹಾಗಾಗಿ ಮೀನು ಸತ್ತದ್ದು ವಿಷದಿಂದಲ್ಲ, ಉಸಿರುಕಟ್ಟಿ.

ಈ ಕೊಳೆಯನ್ನು ಅಳೆಯುವ ಒಂದು ಲೆಕ್ಕವಿದೆ, ಬಿ.ಓ.ಡಿ. ಎನ್ನುತ್ತಾರೆ. ಒಂದು ಲೀಟರ್ ನೀರಿನಲ್ಲಿರುವ ಕೊಳೆಯನ್ನು ಅರಗಿಸಲು ಎಷ್ಟು ಆಮ್ಲಜನಕ ಬೇಕು ಎಂಬುದೇ ಅದರ ಅರ್ಥ. ಹಳ್ಳ, ಕೆರೆ, ನದಿಗಳಿಗೆ ಕಾರ್ಖಾನೆಯವರು ಬಿಡುವ ನೀರಿನಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂದು ನಿಯಮ. ಕಾಯಿನೀರಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿ ಇರುತ್ತದೆ. ಅಂದ ಮೇಲೆ ನೀವೇ ಯೋಚಿಸಿ.

ಜಗಳದಿಂದ ಆದದ್ದೇನು?

ನಾವು ಮೊದಲು ಮಾಡಿದ್ದು ಜಗಳ. ಹತ್ತು ಹನ್ನೆರಡು ಜನ ಹೆಂಗಸರು ಕಾರ್ಖಾನೆಯ ಗೇಟಿನ ಮುಂದೆ ನಿಂತು ಬಾಯಿಗೆ ಬಂದದ್ದು ಅಂದೆವು. ಸಾವ್ಕಾರರು ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. "ಎಂಟು ದಿನ ಟೈಮ್ ಕೊಡ್ರಮ್ಮ, ಗುಂಡಿ ತೋಡಿಸ್ತೀನಿ" ಎಂದರು. ಎಂಟು ದಿನ ನಿಂತದ್ದೂ ನಿಜ. ಒಂಬತ್ತನೆಯ ದಿನದಿಂದ ಹಗಲು ಬಿಡುವ ನೀರನ್ನು ರಾತ್ರಿ ಬಿಡತೊಡಗಿದರು!

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಪಕ್ಕದ ಮನೆಯ ತಂಗಿ ಅದೇ ಕಾರ್ಖಾನೆಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸಕ್ಕೆ ಹೋಗುತ್ತಾಳೆ. ಗಂಡನಿಗೆ ಕಾಯಿಲೆ, ಇಬ್ಬರು ಮಕ್ಕಳು ಓದುತ್ತಿದ್ದಾರೆ. ಅವಳು ಅಂದು ಸಂಜೆ ಕಾಂಪೌಂಡಿನ ಆಚೆಯಿಂದಲೇ ಕೇಳಿದಳು. "ಅಕ್ಕಯ್ಯ, ನಿಮಗೇನು, ತೋಟ ಐತೆ. ಫ್ಯಾಕ್ಟ್ರಿ ಮುಚ್ಚಿದ್ರೆ ನನ್ನ ಒಲೆ ಯಾರು ಹಚ್ತಾರೆ?" ನನಗೆ ಮಾತೇ ಹೊರಡಲಿಲ್ಲ. ನಮ್ಮ ಮನೆಯದೂ ಅದೇ ಕಥೆ. ನಮ್ಮ ತೋಟದ ಕಾಯಿ ಕೊಳ್ಳುವವರೂ ಅದೇ ಸಾವ್ಕಾರರು. "ನಿನ್ನ ಮೀನಿನ ಪಂಚಾಯ್ತಿಯಿಂದ ನಮ್ಮ ಕಾಯಿ ದುಡ್ಡು ನಿಂತೋಗ್ತದೆ ನೋಡು" ಎಂದು ನಮ್ಮ ಯಜಮಾನರು ಎಚ್ಚರಿಸಿದರು. ಅವರ ಮಾತು ನಿಜವೂ ಆಯಿತು. ಆ ಸಲದ ಹಣ ಕೈಗೆ ಬರಲು ನಾಲ್ಕು ತಿಂಗಳಾಯಿತು.

ಸೋದರಿಯರೇ, ಸಣ್ಣ ಊರುಗಳಲ್ಲಿ ತೊಡಕಿರುವುದು ಇಲ್ಲೇ. ನೀರು ಕೆಡಿಸುವವನು ದೂರದವನಲ್ಲ. ನಮ್ಮ ಕಾಯಿ ಕೊಳ್ಳುವವನು, ನಮ್ಮ ಹುಡುಗಿಯರಿಗೆ ಕೆಲಸ ಕೊಡುವವನು, ಜಾತ್ರೆಗೆ ಚಂದಾ ಕೊಡುವವನು. ಅವನನ್ನು ಕೇಳುವುದು ಹೇಗೆ? ಕೇಳದೆ ಬಿಡುವುದು ಹೇಗೆ?

ತುಂಗಭದ್ರೆಯ ದಡದಲ್ಲಿ

ಈ ಗೊಂದಲದಲ್ಲಿದ್ದಾಗ ನಮಗಿಂತ ಮೊದಲು ಇಂಥದೇ ಪ್ರಶ್ನೆ ಎದುರಿಸಿದವರು ಇದ್ದಾರೆಯೇ ಎಂದು ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಹೈಸ್ಕೂಲಿನ ತನಕ ಓದಿದ ನನಗೆ ಅರ್ಥವಾದಷ್ಟನ್ನು ನಿಮಗೂ ಹೇಳುತ್ತೇನೆ.

ತುಂಗೆ ಮತ್ತು ಭದ್ರೆ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತಾಳೆ. ಹರಿಹರದ ಎದುರು ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆ ಶುರುವಾಯಿತು. ಬಿರ್ಲಾ ಸಮೂಹದ ಗ್ವಾಲಿಯರ್ ರೇಯಾನ್ ಕಂಪನಿಯದು. ಮರವನ್ನು ಬೇಯಿಸಿ, ಬಿಳುಪು ಮಾಡಿ, ರೇಯಾನ್ ಬಟ್ಟೆಗೆ ಬೇಕಾಗುವ ತಿರುಳು ತೆಗೆಯುವುದು ಅದರ ಕೆಲಸ. 1977ರಲ್ಲಿ ಪಕ್ಕದಲ್ಲೇ ನೂಲಿಗೆ ಬೇಕಾದ ಎಳೆ ಮಾಡುವ ಗ್ರಾಸಿಲೀನ್ ಘಟಕವೂ ಬಂತು. ನಾವು ಉಡುವ ಎಷ್ಟೋ ನುಣುಪು ಸೀರೆಗಳ ಎಳೆ ಹುಟ್ಟುವುದು ಹೀಗೆ ಮರದಿಂದಲೇ! ಮರವನ್ನು ಬೇಯಿಸಿದಾಗ ತಿರುಳು ಬೇರೆಯಾಗಿ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ನೀರಿಗೆ ಇಳಿಯುತ್ತದೆ. ಆ ನೀರು ಕಪ್ಪು. ಚೆನ್ನಾಗಿ ಶುದ್ಧಮಾಡದೆ ಹೊಳೆಗೆ ಬಿಟ್ಟರೆ ಅಲ್ಲಿಯೂ ಆಗುವುದು ನಮ್ಮ ಹಳ್ಳದ ಕಥೆಯೇ. ಆಮ್ಲಜನಕ ಬತ್ತುತ್ತದೆ, ಮೀನು ಸಾಯುತ್ತದೆ.

1980ರ ದಶಕದಲ್ಲಿ ಕೆಳದಡದ ಹಳ್ಳಿಗಳ ಜನ ನೀರಿನ ಬಣ್ಣ, ವಾಸನೆ, ಮೈ ತುರಿಕೆ, ಸತ್ತು ತೇಲುವ ಮೀನು, ಇವುಗಳ ಬಗ್ಗೆ ದೂರತೊಡಗಿದರು. ಬಲೆ ಬೀಸಿ ಬದುಕುವ ಬೆಸ್ತರ ಮನೆಗಳಿಗೆ ಹೊಟ್ಟೆಯ ಮೇಲೇ ಹೊಡೆತ. ಧಾರವಾಡದಲ್ಲಿ 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಎಸ್.ಆರ್. ಹಿರೇಮಠರು ಅದರ ಮುಂದಾಳು. ಅವರ ಜೊತೆಗೆ ರಾಣೆಬೆನ್ನೂರಿನ ತುಂಗಭದ್ರಾ ಪರಿಸರ ಸಮಿತಿಯೂ ನಿಂತಿತು. ಅವರು ಹಳ್ಳಿ ಹಳ್ಳಿಗೆ ಹೋಗಿ ಜನರ ದೂರುಗಳನ್ನು ಒಟ್ಟುಮಾಡಿದರು, ಸಹಿ ಸಂಗ್ರಹಿಸಿದರು, ಸಭೆ, ಮೆರವಣಿಗೆ ನಡೆಸಿದರು, ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಿಲು ತಟ್ಟಿದರು, ನ್ಯಾಯಾಲಯಕ್ಕೂ ಹೋದರು. ವರ್ಷಗಟ್ಟಲೆ ಬಿಡದೆ ಹೋದರು ಎಂಬುದೇ ಮುಖ್ಯ.

ಇದೇ ಕಾರ್ಖಾನೆಗೆ ಮರ ಒದಗಿಸಲು ಸರ್ಕಾರ ಮತ್ತು ಕಂಪನಿ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿದ್ದವು. ದನ ಮೇಯಿಸಲು, ಸೌದೆ ಆರಿಸಲು ಹಳ್ಳಿಯವರಿಗಿದ್ದ ಭೂಮಿ ಅದು. ಹಿರಿಯ ಸಾಹಿತಿ ಶಿವರಾಮ ಕಾರಂತರು ಮತ್ತು ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋಗಿ 1987ರ ಮಾರ್ಚಿನಲ್ಲಿ ತಡೆಯಾಜ್ಞೆ ತಂದರು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ಎಂದು ಅದಕ್ಕೆ ಹೆಸರು. 1991ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಬೇಕಾಯಿತು. ಆದರೆ ಕುಮಾರಪಟ್ಟಣದ ಕಾರ್ಖಾನೆ ಮುಚ್ಚಲಿಲ್ಲ. ಸಾವಿರಾರು ಜನರ ಅನ್ನ ಅಲ್ಲಿತ್ತು. ಹೋರಾಟದಿಂದಾಗಿ, ಕೊಳೆನೀರಿನ ಲೆಕ್ಕ ಕೊಡದೆ ಕಾರ್ಖಾನೆ ನಡೆಸುವುದು ಅಷ್ಟು ಸುಲಭವಲ್ಲ ಎಂಬುದು ನಾಡಿಗೆಲ್ಲ ಗೊತ್ತಾಯಿತು.

ಮುಚ್ಚುವುದೇ ಪರಿಹಾರವೇ?

ಪಕ್ಕದ ಮನೆಯ ತಂಗಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವಾಗ ಕೇರಳದ ಎರಡು ಸಂಗತಿಗಳು ಸಿಕ್ಕವು. ಮೊದಲನೆಯದು ಇದೇ ಗ್ವಾಲಿಯರ್ ರೇಯಾನ್ ಕಂಪನಿ ಕೋಳಿಕ್ಕೋಡಿನ ಹತ್ತಿರ ಮಾವೂರಿನಲ್ಲಿ 1963ರಲ್ಲಿ ಶುರುಮಾಡಿದ ಕಾರ್ಖಾನೆಯದು. ಚಾಲಿಯಾರ್ ಹೊಳೆ ಕೆಟ್ಟಿತೆಂದು ವಾಳಕ್ಕಾಡ್ ಪಂಚಾಯತಿಯ ಅಧ್ಯಕ್ಷರಾಗಿದ್ದ ಕೆ.ಎ. ರಹಮಾನ್ ಎಂಬವರು ದಶಕಗಳ ಕಾಲ ಹೋರಾಡಿದರು. 1999ರ ಜನವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ವರ್ಷ ಅಲ್ಲಿ ಉತ್ಪಾದನೆ ನಿಂತಿತು. ಆದರೆ ಅದಕ್ಕೂ ಮೊದಲು, 1985ರಿಂದ 1988ರವರೆಗೆ, ಬೇರೆ ಕಾರಣಕ್ಕೆ, ಕಾರ್ಮಿಕರ ತಕರಾರಿನಿಂದ, ಆ ಕಾರ್ಖಾನೆ ಮುಚ್ಚಿದ್ದಾಗ ಸಂಬಳವಿಲ್ಲದೆ ಕೆಲವು ಕಾರ್ಮಿಕರು ಪ್ರಾಣವನ್ನೇ ಕಳೆದುಕೊಂಡರು. ಹೊಳೆಯ ಸಂಕಟವೂ ನಿಜ, ಒಲೆಯ ಸಂಕಟವೂ ನಿಜ.

ಎರಡನೆಯದು ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡ. ಅಲ್ಲಿ ಕೋಕಾ ಕೋಲಾ ಘಟಕದಿಂದ ಬಾವಿಯ ನೀರು ಬತ್ತಿತು, ಉಳಿದ ನೀರು ಕೆಟ್ಟಿತು ಎಂದು 2002ರ ಏಪ್ರಿಲ್ 22ರಂದು ಧರಣಿ ಕುಳಿತವರಲ್ಲಿ ಮುಂದೆ ಇದ್ದವರು ಮಯಿಲಮ್ಮ ಎಂಬ ಆದಿವಾಸಿ ಹೆಂಗಸು. ದೊಡ್ಡ ಓದು ಇಲ್ಲ, ಅಧಿಕಾರ ಇಲ್ಲ. ಅವರ ಬಾವಿಯ ನೀರಿನಲ್ಲಿ ಅನ್ನ ಬೇಯುತ್ತಿರಲಿಲ್ಲ, ಬೇಳೆ ಬೇಯುತ್ತಿರಲಿಲ್ಲ ಎಂಬುದೇ ಅವರ ದೂರು. ಇದನ್ನು ಮೊದಲು ಕಂಡುಹಿಡಿಯುವವರು ಯಾರು ಹೇಳಿ? ಒಲೆಯ ಮುಂದೆ ನಿಂತವರೇ. ಪೆರುಮಾಟ್ಟಿ ಗ್ರಾಮ ಪಂಚಾಯತಿ 2003ರಲ್ಲಿ ಲೈಸೆನ್ಸ್ ನವೀಕರಿಸಲು ನಿರಾಕರಿಸಿತು. 2004ರ ಮಾರ್ಚಿನಲ್ಲಿ ಉತ್ಪಾದನೆ ನಿಂತಿತು.

ಇದನ್ನೆಲ್ಲ ಓದಿದ ಮೇಲೆ ನನಗೆ ಒಂದು ತೀರ್ಮಾನ ಬಂತು. ನಮಗೆ ಬೇಕಾದದ್ದು ಕಾರ್ಖಾನೆ ಮುಚ್ಚಿಸುವುದಲ್ಲ, ಅದರ ಲೆಕ್ಕ. ಎಷ್ಟು ಕಾಯಿ ಒಳಗೆ ಹೋಯಿತು ಎಂಬ ಲೆಕ್ಕ ಸಾವ್ಕಾರರಲ್ಲಿದೆ. ಎಷ್ಟು ಕೊಳೆ ಹೊರಗೆ ಬಂತು ಎಂಬ ಲೆಕ್ಕ ಯಾರಲ್ಲೂ ಇರಲಿಲ್ಲ. ಹಾಲಿನ ಲೆಕ್ಕ, ದಿನಸಿಯ ಲೆಕ್ಕ, ಚೀಟಿಯ ಲೆಕ್ಕ ಬರೆಯುವ ನಮಗೆ ಹಳ್ಳದ ಲೆಕ್ಕ ಬರೆಯುವುದು ಕಷ್ಟವೇ?

ಕಾನೂನು ಏನು ಹೇಳುತ್ತದೆ?

1974ರಲ್ಲಿ ನಮ್ಮ ದೇಶದಲ್ಲಿ ಜಲ ಮಾಲಿನ್ಯ ತಡೆ ಕಾಯಿದೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಅದರ ಪ್ರಾದೇಶಿಕ ಕಚೇರಿ ತುಮಕೂರಿನಲ್ಲೂ ಇದೆ. ಈ ಕಾಯಿದೆಯ ಪ್ರಕಾರ ಕೊಳೆನೀರು ಬಿಡುವ ಕಾರ್ಖಾನೆ ಮಂಡಳಿಯ ಸಮ್ಮತಿ ಪತ್ರ ಪಡೆದಿರಬೇಕು. ಎಷ್ಟು ನೀರು, ಎಷ್ಟು ಶುದ್ಧಮಾಡಿ, ಎಲ್ಲಿಗೆ ಬಿಡಬೇಕು ಎಂಬ ಷರತ್ತುಗಳು ಆ ಪತ್ರದಲ್ಲಿರುತ್ತವೆ. ಷರತ್ತು ಮೀರಿದರೆ ನೋಟೀಸು ಕೊಡುವ, ಕೊನೆಗೆ ಕರೆಂಟು ಕಡಿಸುವ ಅಧಿಕಾರವೂ ಮಂಡಳಿಗಿದೆ.

ಶುದ್ಧ ನೀರು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ತಮಿಳುನಾಡಿನ ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ, ಕೆಡಿಸಿದವನೇ ಖರ್ಚು ಕೊಡಬೇಕು ಎಂಬ ತತ್ತ್ವವನ್ನು 1996ರಲ್ಲಿ ಎತ್ತಿಹಿಡಿದಿದೆ. ಕೊಳೆನೀರು ಶುದ್ಧಮಾಡುವ ಘಟಕ ಸರಿಯಾಗಿ ಕೆಲಸ ಮಾಡದಿದ್ದರೆ ಕಾರ್ಖಾನೆ ನಡೆಸುವಂತಿಲ್ಲ ಎಂದು 2017ರಲ್ಲಿ ಆದೇಶಿಸಿದೆ. ಅಂದ ಮೇಲೆ ನಾವು ಕೇಳುವುದು ಭಿಕ್ಷೆಯೇನಲ್ಲ.

ನೀವೂ ಹೀಗೆ ಮಾಡಬಹುದು

ನಮ್ಮ ಅನುಭವದಿಂದ ಕೆಲವು ಮಾತುಗಳನ್ನು ಸಾಲಾಗಿ ಬರೆಯುತ್ತೇನೆ. ಕತ್ತರಿಸಿ ಇಟ್ಟುಕೊಳ್ಳಿ.

1. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಾರೀಖು, ಗಂಟೆ, ನೀರಿನ ಬಣ್ಣ, ವಾಸನೆ, ನೊರೆ, ಸತ್ತ ಮೀನು, ಮಳೆ ಬಂದಿತ್ತೇ ಇಲ್ಲವೇ, ಇಷ್ಟನ್ನು ಬರೆಯಿರಿ. ಕಂಡದ್ದನ್ನು ಮಾತ್ರ ಬರೆಯಿರಿ, ಊಹಿಸಿದ್ದನ್ನಲ್ಲ. ನಾವು ಐದು ಜನ ಸರದಿಯಂತೆ ಎರಡು ತಿಂಗಳು ಬರೆದೆವು. ರಾತ್ರಿ ಹತ್ತರ ಮೇಲೆ ನೀರು ಬಿಡುತ್ತಾರೆಂಬುದು ಪುಸ್ತಕದಿಂದಲೇ ಸ್ಪಷ್ಟವಾಯಿತು.

2. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮೋರಿ ಹಳ್ಳಕ್ಕೆ ಸೇರುವ ಜಾಗದ ಮೇಲ್ಗಡೆ ಒಂದು, ಕೆಳಗಡೆ ಒಂದು. ಮೇಲಿನ ನೀರು ತಿಳಿಯಾಗಿದ್ದು ಕೆಳಗಿನದು ಕೆಟ್ಟಿದ್ದರೆ ಹೆಚ್ಚು ಮಾತು ಬೇಕಿಲ್ಲ. ಕಾರ್ಖಾನೆಯ ಆವರಣದೊಳಗೆ ಮಾತ್ರ ಕಾಲಿಡಬೇಡಿ.

3. ಬಾಟಲಿಯಲ್ಲಿ ನೀರು ಹಿಡಿದು ತೋರಿಸಬಹುದು, ಆದರೆ ಅದೇ ಸಾಕ್ಷಿಯೆಂದು ನಂಬಬೇಡಿ. ಈ ಕಾಯಿದೆಯ ಮೊಕದ್ದಮೆಯಲ್ಲಿ ಬೆಲೆಯಿರುವುದು ಮಂಡಳಿಯ ಅಧಿಕಾರಿ ಕ್ರಮಪ್ರಕಾರ ತೆಗೆದು ಸೀಲು ಮಾಡಿದ ಮಾದರಿಗೆ. ಆದ್ದರಿಂದ ಅರ್ಜಿಯಲ್ಲಿ "ಮಾದರಿ ತೆಗೆದು ಪರೀಕ್ಷಿಸಬೇಕು" ಎಂದು ಸ್ಪಷ್ಟವಾಗಿ ಕೇಳಿ. ನೀರು ಬಿಡುವ ಹೊತ್ತನ್ನೂ ಬರೆಯಿರಿ. ಇಲ್ಲದಿದ್ದರೆ ಅವರು ಮಧ್ಯಾಹ್ನ ಬಂದು ಒಣಗಿದ ಮೋರಿ ನೋಡಿ ಹೋಗುತ್ತಾರೆ.

4. ಅರ್ಜಿಯನ್ನು ಒಬ್ಬರೇ ಕೊಡಬೇಡಿ. ಸ್ತ್ರೀಶಕ್ತಿ ಸಂಘದ ಮೂಲಕವೋ ಬೀದಿಯವರೆಲ್ಲ ಸೇರಿಯೋ ಕೊಡಿ. ಆಗ ಯಾರೊಬ್ಬರ ಮೇಲೂ ಹಗೆ ಬೀಳುವುದಿಲ್ಲ. ಒಂದು ಪ್ರತಿ ಗ್ರಾಮ ಪಂಚಾಯತಿಯ ಪಿ.ಡಿ.ಓ.ಗೆ, ಒಂದು ಮಂಡಳಿಗೆ, ಒಂದು ತಹಶೀಲ್ದಾರರಿಗೆ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಮುದ್ರೆ, ತಾರೀಖು ಹಾಕಿಸಿಕೊಳ್ಳಿ. ದೂರವಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

5. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ನಡಾವಳಿ ಉಳಿಯುತ್ತದೆ.

6. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕ, ಬಿ.ಪಿ.ಎಲ್. ಕುಟುಂಬದವರಿಗೆ ಅದೂ ಇಲ್ಲ. ಆ ಕಾರ್ಖಾನೆಗೆ ಕೊಟ್ಟ ಸಮ್ಮತಿ ಪತ್ರದ ಪ್ರತಿ, ಕಳೆದ ತಪಾಸಣೆಯ ವರದಿ, ನೀರಿನ ಪರೀಕ್ಷೆಯ ಫಲಿತಾಂಶ, ಈ ಮೂರನ್ನು ಕೇಳಿ. 30 ದಿನಗಳೊಳಗೆ ಉತ್ತರಿಸಬೇಕು.

7. ಅದಕ್ಕೂ ಜಗ್ಗದಿದ್ದರೆ 2010ರ ಕಾಯಿದೆಯಂತೆ ಆದ ಹಸಿರು ನ್ಯಾಯಮಂಡಳಿ ಇದೆ. ನಮ್ಮ ಕಡೆಗೆ ಚೆನ್ನೈ ಪೀಠ. ವಕೀಲರಿಗೆ ದುಡ್ಡೆಲ್ಲಿ ಎಂದು ಹೆದರಬೇಡಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಸರ್ಕಾರದ ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ. 15100 ನಂಬರಿಗೆ ಫೋನು ಮಾಡಿ ಕೇಳಬಹುದು.

ಅಲ್ಲಿಯ ತನಕ ಮನೆಯ ಎಚ್ಚರವೂ ಇರಲಿ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ರಾಸಾಯನಿಕಗಳು, ಲವಣಗಳು ಹೋಗುವುದಿಲ್ಲ. ಸತ್ತು ತೇಲಿದ ಮೀನನ್ನು ಅಡಿಗೆಗೆ ತರಬೇಡಿ. ಹಳ್ಳದ ಪಕ್ಕದ ಬಾವಿ, ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ನಿಯಮದಂತೆ ಪ್ರತಿ ಹಳ್ಳಿಯಲ್ಲೂ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು. ನಿಮ್ಮ ಊರಿನಲ್ಲಿ ಆ ಐವರು ಯಾರು ಎಂದು ಪಂಚಾಯತಿಯಲ್ಲಿ ವಿಚಾರಿಸಿ. ಯಾರೂ ಇಲ್ಲದಿದ್ದರೆ ನೀವೇ ಹೋಗಿ ಕಲಿಯಿರಿ.

ಕೊನೆಗೆ ಏನಾಯಿತು?

ನಮ್ಮ ಮೊದಲ ಅರ್ಜಿಗೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಪುಸ್ತಕದ ಪುಟಗಳನ್ನು ಜೆರಾಕ್ಸ್ ಮಾಡಿಸಿ ಲಗತ್ತಿಸಿದೆವು. ಮೂವತ್ತೆರಡು ಸಹಿ, ಹತ್ತು ಹೆಬ್ಬೆಟ್ಟು. ಈ ಸಲ ಅಧಿಕಾರಿಗಳು ರಾತ್ರಿಯೇ ಬಂದರು. ಮಾದರಿ ತೆಗೆದರು, ಸೀಲು ಹಾಕಿದರು, ಸಾವ್ಕಾರರ ಸಹಿ ಪಡೆದರು. ಕೆಲವು ವಾರಗಳಲ್ಲಿ ನೋಟೀಸು ಬಂತಂತೆ.

ಆಮೇಲೆ ಸಾವ್ಕಾರರೇ ಒಂದು ದಿನ ನಮ್ಮ ಜಗುಲಿಗೆ ಬಂದು ಕೂತರು. ಕೋಪವೇನೋ ಇತ್ತು. "ನನ್ನ ಮೋರಿ ಲೆಕ್ಕ ಬರೆದ್ರಲ್ಲ ತಾಯಿ, ನಿಮ್ಮ ಬೀದಿ ಮೋರಿ ಎಲ್ಲಿಗೆ ಹೋಗ್ತದೆ? ಸೋಪಿನ ನೀರು, ಪ್ಲಾಸ್ಟಿಕ್ಕು, ಕೋಳಿ ಅಂಗಡಿ ಕಸ, ಎಲ್ಲ ಅದೇ ಹಳ್ಳಕ್ಕಲ್ವಾ?" ಎಂದು ಕೇಳಿದರು. ನಿಜ ಹೇಳುತ್ತೇನೆ, ನನ್ನ ಮುಖ ಸಣ್ಣದಾಯಿತು. ಅವರ ತಪ್ಪು ಅದರಿಂದ ಕಡಿಮೆಯಾಗುವುದಿಲ್ಲ, ಆದರೆ ನಮ್ಮ ತಪ್ಪೂ ಪುಸ್ತಕದಲ್ಲಿ ಬರಬೇಕಲ್ಲವೇ? ಅಂದಿನಿಂದ ಕೊನೆಯ ಪುಟಗಳಲ್ಲಿ ನಮ್ಮ ಬೀದಿಯ ಮೋರಿಯ ಲೆಕ್ಕವೂ ಸೇರಿತು. ಕೋಳಿ ಅಂಗಡಿಯ ಕಸ ನಿಲ್ಲಿಸಲು ಅದಕ್ಕಿಂತ ಹೆಚ್ಚು ಕಷ್ಟಪಟ್ಟೆವು!

ಕಾರ್ಖಾನೆಯಲ್ಲಿ ಮೂರು ತೊಟ್ಟಿ ಕಟ್ಟಿಸಿದರು. ಮೊದಲನೆಯದರಲ್ಲಿ ಎಣ್ಣೆಯ ಕೆನೆ ತೆಗೆಯುವುದು, ಎರಡನೆಯದರಲ್ಲಿ ಸುಣ್ಣ ಹಾಕಿ ಹುಳಿ ಮುರಿಯುವುದು, ಮೂರನೆಯದರಲ್ಲಿ ಗಾಳಿ ಊದುವುದು. ಕಾರ್ಖಾನೆ ಮುಚ್ಚಲಿಲ್ಲ. ಪಕ್ಕದ ಮನೆಯ ತಂಗಿಯ ಕೆಲಸವೂ ಹೋಗಲಿಲ್ಲ. ಆದರೆ ಮೂರು ತಿಂಗಳು ಅವಳು ನನ್ನೊಡನೆ ಮಾತಾಡಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ನಾನೇ ಅವಳ ಮನೆಗೆ ಹೋದೆ. ತಟ್ಟೆ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಕ್ಕಯ್ಯ, ಒಳಗೆ ಮೊದಲು ವಾಸನೆಗೆ ನಮಗೇ ತಲೆ ಸುತ್ತುತ್ತಿತ್ತು. ಹೇಳಕ್ಕೆ ಧೈರ್ಯ ಇರಲಿಲ್ಲ" ಎಂದಳು. ಆ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಅವಳನ್ನು ಮೊದಲೇ ಕೂರಿಸಿಕೊಂಡು ಕೇಳಬೇಕಿತ್ತು. ಗೇಟಿನ ಮುಂದೆ ಕೂಗುವಾಗ ಒಳಗಿದ್ದ ಹೆಂಗಸರನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹಳ್ಳ ಪೂರ್ತಿ ಸರಿಯಾಯಿತೆಂದು ನಾನು ಹೇಳಲಾರೆ. ಕಳೆದ ಬೇಸಿಗೆಯಲ್ಲಿ ಗಾಳಿ ಊದುವ ಮೋಟಾರು ಕೆಟ್ಟು ಆರು ದಿನ ಮತ್ತೆ ಆ ವಾಸನೆ ಬಂತು. ಆದರೆ ಈ ಸಲ ನಾವು ಗೇಟಿಗೆ ಹೋಗಿ ಕೂಗಲಿಲ್ಲ. ಪುಸ್ತಕದಲ್ಲಿ ಬರೆದೆವು, ಫೋನು ಮಾಡಿದೆವು, ಏಳನೆಯ ದಿನ ಮೋಟಾರು ರಿಪೇರಿಯಾಯಿತು. ಮಳೆ ಬಂದ ಮೇಲೆ ಮಡುವಿನಲ್ಲಿ ಬೆರಳುದ್ದದ ಮೀನುಗಳು ಮತ್ತೆ ಕಂಡವು. ನಮ್ಮ ಎಮ್ಮೆಯೂ ನೀರಿಗೆ ಬಾಯಿ ಹಾಕಿತು. ಎಮ್ಮೆಗಿಂತ ದೊಡ್ಡ ಪರೀಕ್ಷಕರು ಬೇಕೇ?

"ಹನಿ ಹನಿಗೂಡಿದರೆ ಹಳ್ಳ" ಎನ್ನುತ್ತಾರೆ. ಹಳ್ಳ ಕೆಡುವುದೂ ಹೀಗೆಯೇ, ದಿನಕ್ಕೆ ಒಂದಿಷ್ಟು. ಸರಿಯಾಗುವುದೂ ದಿನಕ್ಕೆ ಒಂದು ಸಾಲು ಬರೆಯುವುದರಿಂದಲೇ. ನಿಮ್ಮ ಊರಿನಲ್ಲೂ ಒಂದು ಹಳ್ಳವೋ ಕಾಲುವೆಯೋ ಕೆರೆಯೋ ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆ ಹಾಲಿನ ಲೆಕ್ಕ ಬರೆದ ಮೇಲೆ ಒಮ್ಮೆ ಅಲ್ಲಿಯ ತನಕ ನಡೆದು ಹೋಗಿ ನೋಡಿ ಬನ್ನಿ. ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ.